ಮೇಲಿನ ಸದ್ದು ಕೇಳದ ಬೇಸ್‌ಮೆಂಟು

ಹೋಮ್ ಥಿಯೇಟರ್ ಕೂರಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಈಚೆಗೆ ಫೋನ್ ಮಾಡಿ, ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವುದು ಎಂದು ಕೇಳಿದಳು. ವೈರು ಎಳೆಯುವುದು ಎನ್ನಬಹುದಿತ್ತು, ಮಂಡಿನೋವು ಇಟ್ಟುಕೊಂಡು ಏಣಿ ಹತ್ತುವುದು ಎನ್ನಬಹುದಿತ್ತು. ನಾನು ಹೇಳಿದ್ದು, ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ನೆಮ್ಮದಿಯಾಗಿ ಊಟ ಮಾಡುವುದು ಎಂದು. ಅವಳು ನಕ್ಕಳು. ನಾನು ನಗಿಸಲು ಹೇಳಿರಲಿಲ್ಲ. ಈಗ ರಿಟೈರ್ ಆಗಿದ್ದೇನೆ, ಪುರುಸೊತ್ತಿದೆ. ಅವಳಿಗೂ ಅವಳಂಥ ಬೇರೆಯವರಿಗೂ ಯಾಕೆ ಹಾಗೆ ಹೇಳಿದೆ ಎಂದು ಬರೆದಿಡೋಣ ಎನಿಸಿತು.

ನಾನು ಮೈಸೂರಿನವಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಗಂಡನಿಗೆ ಮೇರಿಲ್ಯಾಂಡಿನಲ್ಲಿ ಲ್ಯಾಬ್ ಕೆಲಸ ಸಿಕ್ಕಿ ಜರ್ಮನ್‌ಟೌನಿಗೆ ಬಂದೆವು. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ನಾನು ಒಂದು ಸಣ್ಣ ಕಂಪನಿಗೆ ಸೇರಿಕೊಂಡೆ. ಮನೆಗಳಿಗೆ ಹೋಗಿ ಸ್ಪೀಕರ್ ಜೋಡಿಸುವುದು, ಅವು ಸರಿಯಾಗಿ ಕೇಳುವಂತೆ ಶ್ರುತಿ ಕೂಡಿಸಿ ಬರುವುದು ನಮ್ಮ ಕೆಲಸ. ನಮ್ಮವರ ಮನೆಗೆ ಹೋದರೆ ಬಾಗಿಲು ತೆರೆದವರು ನನ್ನ ಬೆನ್ನ ಹಿಂದೆ ಇಣುಕಿ ನೋಡುತ್ತಿದ್ದರು. ಟೆಕ್ನಿಷಿಯನ್ ಕಾರಿನಲ್ಲಿದ್ದಾನೆ, ಈ ಆಂಟಿ ಅಡ್ರೆಸ್ ಕೇಳಲು ಬಂದಿದ್ದಾರೆ ಎಂದು ಅವರ ಲೆಕ್ಕ. ಟೂಲ್ ಬ್ಯಾಗ್ ಕೆಳಗಿಟ್ಟು ಡ್ರಿಲ್ ತೆಗೆದ ಮೇಲೆಯೇ ಕಾಫಿ ಬರುತ್ತಿತ್ತು.

ಸ್ವಭಾವತಃ ನಾನು ಅಂಜುಬುರುಕಿ. ಗೋಡೆಗೆ ಹಾಕಿದ ಸ್ಪೀಕರಿನ ಸ್ಕ್ರೂ ಬಿಗಿಯಿದೆಯೋ ಇಲ್ಲವೋ, ಕೆಳಗೆ ಮಗು ಆಡುತ್ತಿದ್ದಾಗ ಬಿದ್ದರೆ ಏನು ಗತಿ ಎಂದು ಊಟದ ಮಧ್ಯೆ ಯೋಚನೆ ಹತ್ತುತ್ತಿತ್ತು. ಎಷ್ಟೋ ಸಲ ಅನ್ನ ಬಿಟ್ಟು ಎದ್ದು ಆ ಮನೆಯವರಿಗೆ ಫೋನ್ ಮಾಡಿದ್ದೇನೆ. ನನ್ನ ಗಂಡ ಇಟ್ಟ ಹೆಸರು ಗಾಬರಿ ಗಿರಿಜಾ. ಆ ಹೆಸರು ನಮ್ಮ ನೆಂಟರಲ್ಲೆಲ್ಲ ಹಬ್ಬಿತು.

ನಮ್ಮ ಬಾಸ್ ಡೇವ್ ನಾರ್ತ್ ಕ್ಯಾರೊಲೈನಾದವನು. ಹರೆಯದಲ್ಲಿ ಅಲ್ಲಿನ ಚರ್ಚುಗಳಲ್ಲಿ ಮೈಕ್ ಸೆಟ್ ನೋಡಿಕೊಂಡಿದ್ದವನು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಅವನ ಒಂದು ಕಟ್ಟಳೆ ನನಗೆ ಮೊದಮೊದಲು ಹುಚ್ಚು ಎನಿಸಿತ್ತು. ಯಾವ ಮನೆಗೆ ಹೋದರೂ ಪೆಟ್ಟಿಗೆ ಬಿಚ್ಚುವ ಮೊದಲು ಆ ಕೋಣೆಯಲ್ಲಿ ಏನೂ ಹಾಕದೆ ಸುಮ್ಮನೆ ಕೂರಬೇಕು. ಕೋಣೆ ತಾನಾಗಿ ಏನು ಸದ್ದು ಮಾಡುತ್ತದೆ ಎಂದು ಕೇಳಬೇಕು. ಮನೆ ಬೆಚ್ಚಗಿಡುವ ಫರ್ನೇಸ್ ಗುಂಯ್ ಎನ್ನುತ್ತದೆ, ಫ್ರಿಜ್ ನಡುಗುತ್ತದೆ, ಮೇಲೆ ಯಾರೋ ನಡೆದಾಡುತ್ತಾರೆ. ಅದು ತಿಳಿಯದೆ ಸ್ಪೀಕರ್ ಹಚ್ಚಿದರೆ, ಸ್ಪೀಕರಿನ ತಪ್ಪು ಯಾವುದು, ಮನೆಯ ತಪ್ಪು ಯಾವುದು ಎಂದು ಗೊತ್ತಾಗುವುದಿಲ್ಲ ಎಂಬುದು ಅವನ ವಾದ. ಮನೆಯವರು ಮಾತ್ರ ನನಗೆ ತಲೆಸುತ್ತು ಬಂದಿದೆಯೆಂದು ನೀರು ತಂದುಕೊಡುತ್ತಿದ್ದರು.

ಈ ಪಾಠದ ಬೆಲೆ ಗೊತ್ತಾದದ್ದು ಅಲ್ಫರೆಟಾದಲ್ಲಿ. ಕೋವಿಡ್ ಕಾಲದಲ್ಲಿ ಸಿನಿಮಾ ಮಂದಿರಗಳು ಮುಚ್ಚಿ, ಎಲ್ಲರೂ ಬೇಸ್‌ಮೆಂಟನ್ನೇ ಥಿಯೇಟರ್ ಮಾಡಲು ಹೊರಟಾಗ ನಮ್ಮ ಕಂಪನಿಗೆ ಜಾರ್ಜಿಯಾದಿಂದಲೂ ಕೆಲಸ ಬಂತು. ಅಲ್ಲಿ ಒಂದು ದೊಡ್ಡ ಬಡಾವಣೆಯಲ್ಲಿ ನಮ್ಮ ಬೆಂಗಳೂರಿನವರದೇ ಮನೆ. ಅವಸರದಲ್ಲಿ ಕೂತು ಕೇಳದೆಯೇ ಪೆಟ್ಟಿಗೆ ಬಿಚ್ಚಿದ್ದೆ. ಸಬ್‌ವೂಫರ್, ಅಂದರೆ ಬರೀ ದಪ್ಪ ಸದ್ದಿಗೆಂದೇ ಇರುವ ದೊಡ್ಡ ಸ್ಪೀಕರು, ದುಂ ಎಂದಾಗಲೆಲ್ಲ ಎಲ್ಲಿಂದಲೋ ಝಂಯ್ ಎಂದು ಕೊರಗುವ ಸದ್ದು. ಮಾಸ್ಕ್ ಹಾಕಿಕೊಂಡು ಬೆವರುತ್ತ ಸ್ಪೀಕರ್ ಬದಲಿಸಿದೆ, ವೈರ್ ಬದಲಿಸಿದೆ. ಝಂಯ್ ಹೋಗಲಿಲ್ಲ. ಯಜಮಾನರು ಹಿಂದೆ ಕೈಕಟ್ಟಿ ನಿಂತಿದ್ದರು. ಹೊಸ ಸ್ಪೀಕರಿನ ಪರದೆಯನ್ನು ನಾನೇ ಹರಿದೆನೇನೋ ಎಂದು ಮುಚ್ಚಳ ತೆಗೆದು ನೋಡಿದೆ. ಕೊನೆಗೆ ಗೋಡೆಗೆ ಕಿವಿಯಿಟ್ಟೆ. ಗೋಡೆಯ ಆಚೆ ಸ್ಟೋರ್ ರೂಮು. ಗೃಹಪ್ರವೇಶಕ್ಕೆಂದು ತಂದ ಸ್ಟೀಲ್ ಕೊಳಗ, ಪರಾತ, ಹಿತ್ತಾಳೆ ದೀಪದ ಕಂಬಗಳು ಅಟ್ಟಿ ಅಟ್ಟಿಯಾಗಿ ಕೂತಿದ್ದವು. ಸಬ್‌ವೂಫರ್ ಕರೆದಾಗೆಲ್ಲ ಅವು ಓಗೊಡುತ್ತಿದ್ದವು. ಪಾತ್ರೆಗಳ ನಡುವೆ ಹಳೆಯ ಟವೆಲ್ ತುರುಕಿದೆ, ಸದ್ದು ನಿಂತಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಮೊದಲು ಕೂತು ಕೇಳುವುದನ್ನು ಆಮೇಲೆ ಎಂದೂ ಬಿಡಲಿಲ್ಲ.

ವಿಧಾನಗಳು ನನ್ನ ಕಣ್ಣೆದುರೇ ಬದಲಾದವು. ಮೊದಲು ಪರಿಚಿತ ಹಾಡು ಹಾಕಿ ಕಿವಿಯಿಂದಲೇ ಹೊಂದಿಸುತ್ತಿದ್ದೆವು. ಆಮೇಲೆ ಮೈಕು, ಆ್ಯಪು ಬಂದವು. ಕೂರುವ ಜಾಗದಲ್ಲಿ ಸಣ್ಣ ಮೈಕಿಟ್ಟು ಬಟನ್ ಒತ್ತಿದರೆ ಸ್ಪೀಕರುಗಳು ತಾವೇ ಶಿಳ್ಳೆ ಹೊಡೆದು, ತಾವೇ ಅಳೆದು, ತಾವೇ ಹೊಂದಿಸಿಕೊಳ್ಳುತ್ತವೆ. ಒಳ್ಳೆಯದೇ. ಆದರೆ ಆ ಮೈಕನ್ನು ಸೋಫಾದ ದಿಂಬಿನ ಮೇಲೆ ಮಲಗಿಸಿ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗ ಬಟನ್ ಒತ್ತುವವರಿಗೆ ಯಾವ ಆ್ಯಪೂ ಸಹಾಯ ಮಾಡಲಾರದು. ಮೈಕು ಕಿವಿಯ ಎತ್ತರದಲ್ಲಿರಲಿ. ಮನೆ ನಿಶ್ಶಬ್ದವಾಗಿರಲಿ. ಸಂಭಾಷಣೆ ಸ್ಪಷ್ಟವಿಲ್ಲ ಎಂದು ಕರೆಯುವ ಹತ್ತು ಮನೆಗಳಲ್ಲಿ ಏಳೆಂಟರಲ್ಲಿ, ಮಾತು ಹೊರಡಿಸುವ, ಟಿವಿಯ ಕೆಳಗಿನ ನಡುವಿನ ಸ್ಪೀಕರು ಕಪಾಟಿನ ಒಳಗೆ ಹುದುಗಿರುತ್ತದೆ, ಇಲ್ಲವೇ ನೋಡುವವರ ಮೊಣಕಾಲಿಗೆ ಮಾತಾಡುತ್ತಿರುತ್ತದೆ. ಅದನ್ನು ಅಂಚಿಗೆ ಎಳೆದು, ಮುಂಭಾಗಕ್ಕೆ ಒಂದು ಮರದ ಚಕ್ಕೆ ಕೊಟ್ಟು ಮುಖದ ಕಡೆ ಎತ್ತಿ. ಹೊಸ ಸ್ಪೀಕರ್ ಮಾರುವ ಮೊದಲು ಇದನ್ನು ಮಾಡಿ.

ಇಷ್ಟು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ನಾನು ಹೇಳಬೇಕಾದದ್ದು ಮೇರಿಲ್ಯಾಂಡಿನದೇ ಎಲಿಕಾಟ್ ಸಿಟಿಯ ಒಂದು ಮನೆಯ ಕಥೆ.

ಅದು ಸ್ಮಿತಾ ಎಂಬ ಹುಡುಗಿಯ ಮನೆ. ಅವಳೂ ಗಂಡನೂ ಇಬ್ಬರೂ ಸಾಫ್ಟ್‌ವೇರಿನವರು. ಸ್ಮಿತಾಳ ಅಪ್ಪ ಕೃಷ್ಣಮೂರ್ತಿಗಳು, ಅಮ್ಮ ಶಾರದಮ್ಮನವರು ಗ್ರೀನ್ ಕಾರ್ಡಿನ ಮೇಲೆ ಮಗಳ ಜೊತೆಯಲ್ಲೇ ಇದ್ದರು. ನಾನು ಮೊದಲು ಹೋದದ್ದು ಎರಡು ಸಾವಿರದ ಇಪ್ಪತ್ತೊಂದರಲ್ಲಿ. ಕೃಷ್ಣಮೂರ್ತಿಗಳು ಮೈಸೂರಿನ ಕಾರ್ಖಾನೆಯೊಂದರಲ್ಲಿ ಜೀವಮಾನವಿಡೀ ಮಷೀನುಗಳ ನಡುವೆ ದುಡಿದವರು, ಕಿವಿ ಸ್ವಲ್ಪ ಮಂದ. ಬೇಸ್‌ಮೆಂಟಿನಲ್ಲಿ ಹಳೆಯ ಕನ್ನಡ ಸಿನಿಮಾ ಹಾಕಿಕೊಂಡರೆ ಹಾಡು ಕೇಳುತ್ತದೆ, ಮಾತು ಕೇಳುವುದಿಲ್ಲ. ಅದಕ್ಕೆ ವಾಲ್ಯೂಮ್ ಏರಿಸುವರು. ಏರಿಸಿದರೆ ಮೇಲೆ ಮನೆಯಿಂದಲೇ ಕೆಲಸ ಮಾಡುವ ಮಗಳು ಅಳಿಯಂದಿರ ಆಫೀಸ್ ಮೀಟಿಂಗಿನಲ್ಲಿ ಖಳನಾಯಕನ ಅಟ್ಟಹಾಸ ಕೇಳುವುದು. ಕೆಳಗಿದ್ದ ಕೃಷ್ಣಮೂರ್ತಿಗಳಿಗೂ ದೂರಿತ್ತು. ಸರಿಯಾಗಿ ಅವರ ತಲೆಯ ಮೇಲೆ ಅಡುಗೆಮನೆ. ಶಾರದಮ್ಮನವರ ಓಡಾಟ, ಕುಕ್ಕರಿನ ಕೂಗು, ಒಗ್ಗರಣೆ ಸೌಟಿನ ಸದ್ದು, ಇವೆಲ್ಲ ಡೈಲಾಗಿನ ಮೇಲೆ ಬೀಳುತ್ತವೆ ಎಂದು ಅವರ ಗೊಣಗಾಟ.

ನಾನು ಮನಸ್ಸಿಟ್ಟು ಕೆಲಸ ಮಾಡಿದೆ. ಬೇಸ್‌ಮೆಂಟಿನ ಚಾವಣಿಯ ಒಳಗೆ ದಪ್ಪ ಉಣ್ಣೆಯಂಥ ಹಾಸು ತುಂಬಿಸಿ ಎರಡು ಪದರ ಬೋರ್ಡು ಹೊಡೆಸಿದೆ. ಗಟ್ಟಿ ಬಾಗಿಲು ಹಾಕಿಸಿ ಸುತ್ತ ರಬ್ಬರ್ ಪಟ್ಟಿ ಕೂರಿಸಿದೆ. ಅಡುಗೆಮನೆಗೂ ಬೇಸ್‌ಮೆಂಟಿಗೂ ಗಾಳಿ ಹಾಯಿಸುವ ಕೊಳವೆ, ಅಂದರೆ ಡಕ್ಟ್ ಮೂಲಕ ಸದ್ದು ಇಳಿಯುತ್ತಿತ್ತು, ಅದರ ಒಳಗೂ ಮೆತ್ತೆ ಹಚ್ಚಿದೆ. ನಡುವಿನ ಸ್ಪೀಕರನ್ನು ಎತ್ತರಿಸಿ, ಮಾತಿನ ಸ್ವರಗಳನ್ನು ತುಸು ಮುಂದೆ ತಂದೆ. ಬಾಗಿಲು ಮುಚ್ಚಿ ಅವರ ಕುರ್ಚಿಯಲ್ಲಿ ಕೂತೆ. ನನ್ನ ಉಸಿರು ನನಗೆ ಕೇಳಿಸಿತು. ಹೆಮ್ಮೆಪಟ್ಟೆ. ಕೃಷ್ಣಮೂರ್ತಿಗಳು ಒಂದು ದೃಶ್ಯ ನೋಡಿ, ಈಗ ಪಿಸುಮಾತೂ ಅರ್ಥವಾಗುತ್ತದೆ ಎಂದು ಕಣ್ಣೊರೆಸಿಕೊಂಡರು. ಹೊಗೆಯ ಅಲಾರಂ ಒಳಗೂ ಕೂಗುತ್ತದೆಯೇ ಎಂದು ನೋಡಿದೆ. ಕೂಗಿತು. ಅಂದು ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ, ಅದು ಅಪರೂಪ.

ಎರಡು ವರ್ಷ ಕಳೆಯಿತು. ಸ್ಮಿತಾ ಬೇರೇನೋ ರಿಮೋಟಿನ ತೊಂದರೆಗೆಂದು ಫೋನ್ ಮಾಡಿದವಳು, ಮಾತಿನ ಮಧ್ಯೆ ಇಬ್ಬರಿಗೂ ಆಫೀಸಿಗೆ ವಾಪಸ್ ಬರಲು ಹೇಳಿದ್ದಾರೆ, ದಿನಾ ಡ್ರೈವ್ ಮಾಡಿ ಸಾಕಾಗಿದೆ ಎಂದಳು. ನಾನು ರಿಮೋಟಿನ ಮಾತು ಬಿಟ್ಟು, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿದೆ. ಅಪ್ಪ ಅಮ್ಮ ಇಬ್ಬರೇ ಎಂದಳು. ಅಪ್ಪ ತಿಂಡಿ ತಿಂದು ಕೆಳಗಿಳಿದರೆ ಊಟಕ್ಕೇ ಮೇಲೆ ಬರುವುದು. ಅಮ್ಮ ಮೇಲೆ. ಅಮ್ಮನಿಗೆ ಡಯಾಬಿಟಿಸ್ ಇತ್ತು, ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು.

ಫೋನಿಟ್ಟ ಮೇಲೆ ನನಗೆ ಕೂರಲಾಗಲಿಲ್ಲ. ನಾನು ಆ ಕೋಣೆ ಮಾಡುವಾಗ ಮನೆ ತುಂಬ ಜನ. ಈಗ ಇಬ್ಬರೇ, ಅವರಿಬ್ಬರ ನಡುವೆ ನಾನು ಹೊಡೆಸಿದ ಎರಡು ಪದರ ಬೋರ್ಡು. ಆಕೆ ಕೂಗಿದರೆ ಇವರಿಗೆ ಕೇಳುತ್ತದೆಯೇ? ಕೇಳುವುದಿಲ್ಲ. ಕೇಳದಂತೆ ಮಾಡಿದವಳೇ ನಾನು. ಗಂಡನಿಗೆ ಹೇಳಿದೆ. ಸ್ಮೋಕ್ ಅಲಾರಂ ಇದೆ, ಫೋನಿದೆ, ನಿನಗೆ ಚಿಂತೆ ಮಾಡಲು ನಿನ್ನ ಮನೆ ಸಾಲದೇ ಎಂದರು. ಫೋನ್ ನಿಜ, ಆದರೆ ಶಾರದಮ್ಮನವರ ಫೋನು ಯಾವಾಗಲೂ ದೇವರ ಮನೆಯ ಪಕ್ಕ ಚಾರ್ಜಿಗೆ ಇರುವುದನ್ನು ನಾನೇ ನೋಡಿದ್ದೆ.

ಮರುವಾರ ರಿಮೋಟಿನ ನೆಪದಲ್ಲಿ ಹೋದೆ. ಅಡುಗೆಮನೆಯ ಕಟ್ಟೆಯ ಮೇಲೊಂದು, ಕೆಳಗೆ ಥಿಯೇಟರಿನಲ್ಲೊಂದು ಸ್ಮಾರ್ಟ್ ಸ್ಪೀಕರ್ ಇಟ್ಟೆ. ಮೇಲಿನಿಂದ ಕೆಳಗಿನದರ ಹೆಸರು ಹಿಡಿದು ಕರೆದರೆ ಸಿನಿಮಾ ನಿಂತು ಅಲ್ಲಿ ಮಾತು ಕೇಳುತ್ತದೆ. ಕೆಳಗಿನದಕ್ಕೆ ಒಂದು ಹೆಸರು ಕೊಡಬೇಕು ಎಂದಿತು ಆ್ಯಪು. ಅವರ ಕೋಣೆ, ಅವರ ಹೆಸರು ಎಂದು ಕೃಷ್ಣಮೂರ್ತಿ ಎಂದೇ ಕೊಟ್ಟೆ. ನಾನು ಮೇಲಿಂದ ಕರೆದು ತೋರಿಸಿದೆ, ಯಂತ್ರ ಒಪ್ಪಿತು. ಕೃಷ್ಣಮೂರ್ತಿಗಳು ಮಗುವಿನ ಹಾಗೆ ಖುಷಿಪಟ್ಟು ತಮ್ಮ ಹೆಸರನ್ನು ತಾವೇ ಕರೆದು ನೋಡಿದರು. ಶಾರದಮ್ಮನವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಗೊತ್ತಾಯಿತೇ ಎಂದೆ. ಗೊತ್ತಾಯಿತು ಎಂದು ತಲೆಯಾಡಿಸಿದರು. ಜೋಳದ ಹಿಟ್ಟಿನ ಚಕ್ಕುಲಿ ಕಟ್ಟಿಕೊಟ್ಟರು. ನನ್ನ ಎದೆಯ ಭಾರ ಇಳಿಯಿತು ಎಂದುಕೊಂಡು ಬಂದೆ.

ಅದು ಪೂರ್ತಿ ಇಳಿದಿರಲಿಲ್ಲ. ಏನೋ ಒಂದು ಬಿಟ್ಟುಹೋಗಿದೆ ಎಂದು ಮನಸ್ಸು ಕುಟುಕುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ. ಕೆಲವು ವಾರಗಳಾದ ಮೇಲೆ, ಹೊಸ ರಿಮೋಟ್ ಬಂದಿದೆ, ತಂದುಕೊಡುತ್ತೇನೆ ಎಂದು ಸ್ಮಿತಾಗೆ ಮೆಸೇಜ್ ಮಾಡಿದೆ. ಅಮ್ಮ ಮನೆಯಲ್ಲೇ ಇರುತ್ತಾರೆ ಎಂದಳು.

ಬೆಲ್ ಒತ್ತಿದೆ. ಯಾರೂ ಬರಲಿಲ್ಲ. ಶಾರದಮ್ಮನವರು ಪ್ರತಿ ಸಲ ಎರಡನೆಯ ಬೆಲ್ಲಿಗೆ ಬಾಗಿಲು ತೆಗೆದು, ಬನ್ನಿ ಬನ್ನಿ ಎನ್ನುತ್ತಿದ್ದರು. ಇನ್ನೊಮ್ಮೆ ಒತ್ತಿದೆ. ಒಳಗೆ ಕುಕ್ಕರ್ ಕೂಗಿತು, ಮತ್ತೆ ಕೂಗಿತು, ಯಾರೂ ಆರಿಸಲಿಲ್ಲ. ಮನೆಯ ಹಿಂದೆ ಓಡಿ ಹಿತ್ತಲಿನ ಮರದ ಜಗುಲಿ ಹತ್ತಿ ಗಾಜಿನ ಬಾಗಿಲಿಗೆ ಮುಖ ಒತ್ತಿ ನೋಡಿದರೆ, ಶಾರದಮ್ಮನವರು ಒಲೆಯ ಮುಂದೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ತಲೆ ಕಪಾಟಿಗೆ ಒರಗಿತ್ತು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಅದು ದೇವರ ದಯೆ.

ಅವರ ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಕಣ್ಣುಗಳು ಎಲ್ಲೋ ನೋಡುತ್ತಿದ್ದವು. ಒಲೆ ಆರಿಸಿದೆ. ಶುಗರ್ ಇಳಿದಿದೆ ಎಂದು ತಿಳಿಯಿತು, ನನ್ನ ತಾಯಿಗೂ ಹೀಗಾಗುತ್ತಿತ್ತು. ಹೆಸರು ಹಿಡಿದು ಕರೆದರೆ ಓಗೊಟ್ಟರು, ನುಂಗಬಲ್ಲರು ಎಂದು ಧೈರ್ಯ ಬಂತು. ಫ್ರಿಜ್ಜಿನಲ್ಲಿದ್ದ ಆರೆಂಜ್ ಜ್ಯೂಸನ್ನು ಗುಟುಕು ಗುಟುಕಾಗಿ ಕುಡಿಸಿದೆ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಫೋನು, ತುರ್ತು ಸಹಾಯದ ನೈನ್ ಒನ್ ಒನ್ ಒತ್ತಿ ಸ್ಪೀಕರಿಗೆ ಹಾಕಿದ್ದೆ. ನಾನು ಜೋರಾಗಿ, ಸರ್, ಸರ್ ಎಂದು ಕಿರುಚಿದೆ. ಕೆಳಗಿಂದ ಉತ್ತರವಿಲ್ಲ. ಆ ಕೋಣೆಯನ್ನು ಅಷ್ಟು ಚೆನ್ನಾಗಿ ಕಟ್ಟಿದ್ದೆ.

ಆಂಬುಲೆನ್ಸ್ ಬರುವ ಹೊತ್ತಿಗೆ ಅವರ ಮುಖಕ್ಕೆ ಬಣ್ಣ ಬಂದಿತ್ತು. ಬಂದವರು ಬೆರಳು ಚುಚ್ಚಿ ನೋಡಿ, ಈಗ ಪರವಾಗಿಲ್ಲ, ಇನ್ನೂ ಸ್ವಲ್ಪ ಹೊತ್ತಾಗಿದ್ದರೆ ಕಷ್ಟವಿತ್ತು ಎಂದರು. ಅವರಲ್ಲೊಬ್ಬನು ಕೆಳಗೆ ಹೋಗಿ ಕೃಷ್ಣಮೂರ್ತಿಗಳನ್ನು ಕರೆತಂದ. ರಿಮೋಟ್ ಕೈಯಲ್ಲೇ ಇತ್ತು. ಅಡುಗೆಮನೆಯಲ್ಲಿ ಯೂನಿಫಾರ್ಮಿನವರನ್ನು ನೋಡಿ ಅವರು ಒಂದೇ ಉಸಿರಿಗೆ ಒಳಗೆ ಬಂದರು. ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟರು.

ನಾನು ಕಟ್ಟೆಯ ಮೇಲಿನ ಸ್ಮಾರ್ಟ್ ಸ್ಪೀಕರನ್ನು ನೋಡಿದೆ. ದೀಪ ಉರಿಯುತ್ತಿತ್ತು, ಕೆಟ್ಟಿರಲಿಲ್ಲ. ಶಾರದಮ್ಮನವರು ಕೂತಿದ್ದ ಜಾಗದಿಂದ ಕೈಯಳತೆಯ ದೂರ. ಆಂಬುಲೆನ್ಸಿನವರು ಹೋದ ಮೇಲೆ ಮೆಲ್ಲಗೆ ಕೇಳಿದೆ.

"ಇದು ಇಲ್ಲೇ ಇತ್ತಲ್ಲಾ ಶಾರದಮ್ಮ, ಯಾಕೆ ಕರೀಲಿಲ್ಲ?"

"ಕರ್ದೆ ಕಣಮ್ಮ. ರೀ, ರೀ ಅಂದೆ. ಅದು ಸುಮ್ನೇ ಇತ್ತು."

"ನಾನ್ ತೋರಿಸಿದ್ನಲ್ಲಾ, ಅವರ ಹೆಸರು ಹೇಳ್ಬೇಕು ಅಂತ."

ಅವರು ಗಂಡನ ಕಡೆ ನೋಡಿ ತಲೆ ತಗ್ಗಿಸಿದರು. "ಅದ್ಹೇಗೆ ಹೇಳೋದಮ್ಮ? ಮದುವೆ ಆದಾಗಿಂದ ಒಂದ್ಸಲಾನೂ ಹೇಳಿಲ್ಲ. ಬಾಯಿಗೆ ಬರಲ್ಲ."

ನನಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ನನ್ನ ತಾಯಿಯೂ ತಂದೆಯ ಹೆಸರು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು. ಡೇವ್ ಈ ತಪ್ಪು ಮಾಡಿದ್ದರೆ ಅವನಿಗೇನು ಗೊತ್ತು ಎನ್ನಬಹುದಿತ್ತು. ನಾನು ಮೈಸೂರಿನಲ್ಲಿ ಹುಟ್ಟಿದವಳು. ಯಂತ್ರವನ್ನು ನಾನು ಪರೀಕ್ಷೆ ಮಾಡಿದೆ, ಕೃಷ್ಣಮೂರ್ತಿಗಳು ಮಾಡಿದರು, ಯಾರಿಗಾಗಿ ಇಟ್ಟೆನೋ ಅವರ ಕೈಯಲ್ಲಿ ಮಾತ್ರ ಒಮ್ಮೆಯೂ ಮಾಡಿಸಲಿಲ್ಲ. ಅವರು ನಕ್ಕದ್ದನ್ನು ಒಪ್ಪಿಗೆ ಎಂದುಕೊಂಡೆ. ಹೊಸದಾಗಿ ಈ ಕೆಲಸಕ್ಕೆ ಬರುವವರೇ, ಬಟನ್ ಯಾರು ಒತ್ತಬೇಕೋ ಅವರಿಂದಲೇ ಒತ್ತಿಸಿ ನೋಡಿ. ನೀವು ಒತ್ತಿದರೆ ಅದು ಕೆಲಸ ಮಾಡಿದ ಹಾಗಲ್ಲ.

ಅಷ್ಟರಲ್ಲಿ ಸ್ಮಿತಾ ಅಳುತ್ತ ಬಂದಳು. ಡಾಕ್ಟರು ಆಮೇಲೆ ಇನ್ಸುಲಿನ್ ಕಡಿಮೆ ಮಾಡಿ, ಶುಗರ್ ಇಳಿದರೆ ಮಗಳ ಫೋನಿಗೆ ತಿಳಿಸುವ ಸೆನ್ಸರನ್ನು ಶಾರದಮ್ಮನವರ ತೋಳಿಗೆ ಅಂಟಿಸಿದರು. ಅಡುಗೆಮನೆಗೆ ಕ್ಯಾಮೆರಾ ಹಾಕಿಸೋಣ ಎಂದಳು ಸ್ಮಿತಾ. ಒಗ್ಗರಣೆ ಹಾಕುವುದನ್ನು ಯಾರು ಯಾಕೆ ನೋಡಬೇಕು ಎಂದು ಅಮ್ಮ ಒಪ್ಪಲಿಲ್ಲ. ಯಂತ್ರದ ಹೆಸರು ಬದಲಿಸಿಕೊಡುತ್ತೇನೆ, ಥಿಯೇಟರ್ ಎಂದೋ ಕೆಳಗಡೆ ಎಂದೋ ಇಡೋಣ ಎಂದೆ ನಾನು. ಕೃಷ್ಣಮೂರ್ತಿಗಳು ನನ್ನನ್ನು ತಡೆದರು.

"ಹೆಸರು ಆಮೇಲೆ ನೋಡೋಣ. ಮೊದ್ಲು ನೀವು ಕೆಳಗಿನ ಬಾಗಿಲು ಕಿತ್ತು ತೆಗೀರಿ. ಅವಳ ಓಡಾಟ ಕೇಳ್ಸಿ ಎರಡು ವರ್ಷ ಆಯ್ತು ನಂಗೆ. ಗಲಾಟೆ ಅಂತಿದ್ನಲ್ಲ, ಅದೇ ಬೇಕು."

"ಅಪ್ಪಾ, ಮತ್ತೆ ಡೈಲಾಗ್ ಕ್ಲಿಯರ್ ಆಗಿ ಕೇಳಲ್ಲ," ಎಂದಳು ಸ್ಮಿತಾ.

"ಕೇಳದಿದ್ರೆ ಬೇಡ ಬಿಡು. ಎಲ್ಲಾ ನೋಡಿರೋ ಸಿನಿಮಾನೇ."

ನಾನು ಮಾಡಿದ್ದನ್ನು ನಾನೇ ಬಿಚ್ಚಲು ಹೋದೆ. ಡೇವ್‌ಗೆ ಹೇಳಿದಾಗ, ಇಷ್ಟು ವರ್ಷದಲ್ಲಿ ಸದ್ದು ಒಳಗೆ ಬಿಡಿ ಎಂದು ಕರೆದ ಗಿರಾಕಿ ಇವರೊಬ್ಬರೇ ಎಂದ. ಆಮೇಲೆ ತಾನೇ ಬಂದು ಗಟ್ಟಿ ಬಾಗಿಲನ್ನು ಕೀಲಿನಿಂದ ಬಿಡಿಸಿ ಹೊತ್ತುಕೊಂಡು ಹೋದ. ಚಾವಣಿಯನ್ನು ಬಿಚ್ಚುವಂತಿರಲಿಲ್ಲ. ಡಕ್ಟಿನ ಒಳಗಿನ ಮೆತ್ತೆಯನ್ನು ನಾನು ಪೂರ್ತಿ ಕಿತ್ತೆ. ಅಡುಗೆಮನೆಯಲ್ಲಿ ಡಕ್ಟಿನ ಬಾಯಿಗಿದ್ದ ಜಾಲರಿಯ ಮುಂದೆ ಆಡಿದ ಮಾತು ಈಗ ನೇರ ಅವರ ಕುರ್ಚಿಯ ಪಕ್ಕಕ್ಕೆ ಇಳಿಯುವಂತಾಯಿತು.

ಉಳಿದದ್ದು ಶ್ರುತಿ. ನಾನು ಮೈಕನ್ನು ಅವರ ಕುರ್ಚಿಯಲ್ಲಿ ಕಿವಿಯ ಎತ್ತರಕ್ಕೆ ನಿಲ್ಲಿಸಿದೆ. ಅದುವರೆಗೆ ನೂರಾರು ಮನೆಗಳಲ್ಲಿ ಹಾಗೆ ನಿಲ್ಲಿಸಿದ್ದೆ, ಸ್ಪೀಕರಿನ ಸದ್ದು ಅಳೆಯಲು. ಈ ಸಲ ಶಾರದಮ್ಮನವರಿಗೆ ಮೇಲೆ ನಡೆದಾಡಲು ಹೇಳಿದೆ. ಒಂದು ಸೌಟನ್ನು ಬೀಳಿಸಲು ಹೇಳಿದೆ. ನೆಲದ ಮೇಲೆ ಕೂತು, ಮೆಲ್ಲಗೆ, ಸುಸ್ತಾದವರ ಹಾಗೆ ಕರೆಯಲು ಹೇಳಿದೆ. ಅದೆಲ್ಲ ಎಷ್ಟು ಸಣ್ಣಗೆ ಬರುತ್ತದೆಂದು ನೋಡಿಕೊಂಡು, ಸಿನಿಮಾದ ಸದ್ದು ಅದನ್ನು ಮುಚ್ಚದಂತೆ ವಾಲ್ಯೂಮಿಗೆ ಒಂದು ಮಿತಿ ಹಾಕಿದೆ. ಎಷ್ಟು ಒತ್ತಿದರೂ ಅದರ ಮೇಲೆ ಏರದು. ಡೈಲಾಗ್ ಮೊದಲಿನಷ್ಟು ಚೆನ್ನಾಗಿಲ್ಲ, ನಿಜ. ನನ್ನ ವೃತ್ತಿಯ ಲೆಕ್ಕದಲ್ಲಿ ಅದು ಕೆಟ್ಟ ಕೋಣೆ.

ಕೊನೆಗೆ ಸರಿಯಾದ ಪರೀಕ್ಷೆ ಮಾಡಬೇಕಿತ್ತು. ಕೃಷ್ಣಮೂರ್ತಿಗಳು ಕುರ್ಚಿಯಲ್ಲಿ ಕೂತರು. ಒಂದು ಹೊಡೆದಾಟದ ದೃಶ್ಯ ಹಾಕಿ ವಾಲ್ಯೂಮನ್ನು ಮಿತಿಯವರೆಗೂ ಏರಿಸಿದೆ. ಕರೆಯಲು ಶಾರದಮ್ಮನವರಿಗೆ ಮೊದಲೇ ಹೇಳಿದ್ದೆ, ಯಾವಾಗ ಎಂಬುದನ್ನು ಅವರಿಗೇ ಬಿಟ್ಟಿದ್ದೆ. ಸದ್ದು ಅಳೆಯುವ ಯಂತ್ರವನ್ನು ಕೈಯಲ್ಲಿ ಹಿಡಿದು ನಿಂತೆ. ಜಾಲರಿಯಿಂದ ಸಣ್ಣಗೆ ಒಂದು ದನಿ ಇಳಿಯಿತು.

"ರೀ."

ಅದು ಅಂಕಿಯಾಗಿ ಬಂತೋ ಇಲ್ಲವೋ ಎಂದು ನಾನು ಯಂತ್ರದ ಕಡೆ ತಿರುಗುವಷ್ಟರಲ್ಲಿ ಅವರು ಕುರ್ಚಿ ಬಿಟ್ಟು ಎದ್ದಿದ್ದರು. ಬಂದೆ, ಬಂದೆ ಎನ್ನುತ್ತ ಮೆಟ್ಟಿಲು ಹತ್ತುತ್ತಿದ್ದರು.